ಕಲ್ಲುಹೂವು ಮತ್ತು ಜಠರರಕ್ಷಣೆ

ಮುಂಬಯಿಯ ಗ್ರಾಂಟ್ ರೋಡ್ ಪರಿಸರದ ದಿನಸಿ ಅಂಗಡಿಗಳಲ್ಲಿ ದಗಡ್‌ಫೂಲ್ ಎಂದು ಮಾರುವ, ಒಣಗಿ ಸುರುಟಿದ ಬೂದುಗಪ್ಪು ವಸ್ತುವನ್ನು ಕನ್ನಡದ ಅಡುಗೆಮನೆ ಕಲ್ಲುಹೂವು ಎಂದು ಕರೆಯುತ್ತದೆ. ಮರಾಠಿ, ಕನ್ನಡ, ಹಿಂದಿಯ ಪತ್ಥರ್ ಕಾ ಫೂಲ್, ಸಂಸ್ಕೃತದ ಶೈಲೇಯ, ಈ ಎಲ್ಲ ಹೆಸರುಗಳಲ್ಲಿಯೂ ಕಲ್ಲಿದೆ. ಆದರೆ ವಸ್ತು ಹೂವಲ್ಲ. ಶಿಲೀಂಧ್ರವೂ ಪಾಚಿಯೂ ಒಂದಾಗಿ ಬಾಳುವ ಲೈಕೆನ್ ಅದು. ಈ ಇಬ್ಬಗೆಯ ಸ್ವರೂಪವನ್ನು ಸ್ವಿಸ್ ವಿಜ್ಞಾನಿ ಶ್ವೆಂಡೆನರ್ 1867ರಲ್ಲಿ ಪ್ರತಿಪಾದಿಸಿದಾಗ ಹಲವು ಲೈಕೆನ್‌ತಜ್ಞರು ಒಪ್ಪಲಿಲ್ಲ.

ಭಾವಪ್ರಕಾಶವು ಶೈಲೇಯವನ್ನು ಶೀತಲ, ಲಘು, ಕಫಪಿತ್ತಹರ ಎಂದು ವರ್ಣಿಸಿ ಉರಿ, ಓಕರಿಕೆಗಳಿಗೆ ಹೇಳಿದೆ. ಇದನ್ನೇ ಆಧುನಿಕ ಪ್ರಯೋಗಗಳ ಮುನ್ಸೂಚನೆಯೆಂದು ಭಾವಿಸುವುದು ಆತುರದ ತೀರ್ಮಾನವಾದೀತು.

ಜಠರದ ಒಳಪೊರೆಯನ್ನು ಅದರದೇ ಆಮ್ಲದಿಂದ ಕಾಯುವುದು ಲೋಳೆ ಮತ್ತು ಬೈಕಾರ್ಬೊನೇಟ್. ಇವುಗಳ ಸ್ರಾವಕ್ಕೆ ಪ್ರೊಸ್ಟಾಗ್ಲಾಂಡಿನ್‌ಗಳು ಬೇಕು. ಇಂಡೊಮೆಥಾಸಿನ್‌ನಂತಹ ನೋವುನಿವಾರಕಗಳು ಅವುಗಳ ಉತ್ಪತ್ತಿಯನ್ನು ತಡೆಯುವುದರಿಂದ ಹುಣ್ಣಾಗುತ್ತದೆ. ಟರ್ಕಿಯ ಎರ್ಜುರುಮಿನ ಸಂಶೋಧಕರು ಇಲಿಗಳಲ್ಲಿ ಇಂತಹ ಹುಣ್ಣು ಬರಿಸಿ, ಗಡ್ಡದಂತೆ ಮರದಿಂದ ಜೋತುಬೀಳುವ ಉಸ್ನಿಯಾ ಲಾಂಗಿಸ್ಸಿಮಾದಿಂದ ಪಡೆದ ಉಸ್ನಿಕ್ ಆಮ್ಲವು ಅದನ್ನು ತಗ್ಗಿಸಿತೆಂದು 2006ರಲ್ಲಿ ಪ್ರಕಟಿಸಿದರು. ಅಂಗಾಂಶವನ್ನು ಕೆಡಿಸುವ ಉತ್ಕರ್ಷಣವನ್ನು ಆಮ್ಲವು ತಡೆಯುವುದೇ ಇದಕ್ಕೆ ಒಂದು ಕಾರಣವೆಂದು ಅವರ ವಿವರಣೆ. ಐಸ್‌ಲ್ಯಾಂಡ್ ಪಾಚಿಯೆಂಬ ಲೈಕೆನ್ನಿನ ಪ್ರೊಟೊಲಿಚೆಸ್ಟರಿನಿಕ್ ಆಮ್ಲವಾದರೋ ಹುಣ್ಣಿಗೆ ಕಾರಣವಾಗುವ ಹೆಲಿಕೊಬ್ಯಾಕ್ಟರ್ ಪೈಲೋರಿಯನ್ನು ಗಾಜಿನ ತಟ್ಟೆಯಲ್ಲಿ ನಿಗ್ರಹಿಸಿದ್ದು 1997ರಲ್ಲಿ ವರದಿಯಾಯಿತು. ಇಲಿಯ ಜಠರವಾಗಲಿ ಗಾಜಿನ ತಟ್ಟೆಯಾಗಲಿ ರೋಗಿಯಲ್ಲ.

ಹೆಸರಿನ ತೊಡಕು ಇಲ್ಲಿ ಅಪಾಯಕ್ಕೆ ದಾರಿಯಾಗಬಲ್ಲದು. ಮಸಾಲೆಯ ಕಲ್ಲುಹೂವು ಮುಖ್ಯವಾಗಿ ಪಾರ್ಮೊಟ್ರೆಮಾ ಜಾತಿಯದು. ಪಾರ್ಮೊಟ್ರೆಮಾ ಪರ್ಲೇಟಮ್‌ನಲ್ಲಿರುವುದು ಅಟ್ರನೋರಿನ್ ಹಾಗೂ ಸ್ಟಿಕ್ಟಿಕ್ ಆಮ್ಲ, ಉಸ್ನಿಕ್ ಆಮ್ಲವಲ್ಲ. ಮಾರುಕಟ್ಟೆಯ ಒಂದೇ ಚೀಲದಲ್ಲಿ ಹಲವು ಪ್ರಭೇದಗಳು ಬೆರೆತಿರುವುದೂ ಉಂಟು. ಆದುದರಿಂದ ಉಸ್ನಿಯಾದ ಗುಣವನ್ನು ಸಾರಿನಪುಡಿಯ ಚಿಟಿಕೆಗೆ ಆರೋಪಿಸಲಾಗದು. ಜಠರವನ್ನು ಕಾಯಬಹುದಾದ ಈ ಆಮ್ಲವೇ ಯಕೃತ್ತಿಗೆ ಮಾರಕವಾದುದೂ ಇದೆ. ತೂಕ ಇಳಿಸಲೆಂದು ಇದರ ಸೋಡಿಯಂ ಲವಣ ಬೆರೆಸಿ ಮಾರಿದ ಮಾತ್ರೆಯ ವಿರುದ್ಧ 2001ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ನೀಡಬೇಕಾಯಿತು. ಅಡುಗೆಯ ಪ್ರಮಾಣಕ್ಕೆ ಈ ಭೀತಿ ಅನ್ವಯಿಸದು; ಔಷಧಿಯೆಂದು ಕಷಾಯ ಕುದಿಸಿ ಕುಡಿಯುವವರ ಮಾತು ಬೇರೆ.

ಲೈಕೆನ್‌ಗಳು ವರ್ಷಕ್ಕೆ ಕೆಲವೇ ಮಿಲಿಮೀಟರಿನಷ್ಟು ಬೆಳೆಯುವುದರಿಂದ ಕಾಡಿನಿಂದ ಕಿತ್ತು ತಂದು ಔಷಧೋದ್ಯಮವನ್ನು ನಡೆಸುವಂತಿಲ್ಲ. ಪುಣೆಯ ಅಘರ್ಕರ್ ಸಂಶೋಧನಾ ಸಂಸ್ಥೆಯವರು ಪಶ್ಚಿಮಘಟ್ಟದ ಉಸ್ನಿಯಾ ಘಟ್ಟೆನ್ಸಿಸ್ ಅನ್ನು ಪ್ರಯೋಗಾಲಯದಲ್ಲಿಯೇ ಬೆಳೆಸಿ, ಅದರ ಸಾರದ ಗುಣಗಳನ್ನು ಪರೀಕ್ಷಿಸಿದ್ದಾರೆ.