ಹಂದಿಮರಿಗೆ ಎಷ್ಟು ಎಣ್ಣೆ, ಎಂಥ ಎಣ್ಣೆ?

ತಪ್ಪು ಕಲ್ಪನೆ: ಜಿಡ್ಡು ಮರಿಗೆ ಆಗಿಬರುವುದಿಲ್ಲ.

ಸತ್ಯ: ಹಂದಿಮರಿ ಬದುಕುವುದೇ ಜಿಡ್ಡಿನಿಂದ. ಹುಟ್ಟಿದಾಗ ಅದರ ಮೈಯಲ್ಲಿರುವ ಕೊಬ್ಬು ತೂಕದ ಶೇ 1–2 ಮಾತ್ರ. ಪುಷ್ಯ ಮಾಸದಲ್ಲಿ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಚಳಿಗೆ ಗಡಗಡ ನಡುಗುವ ಮರಿಗೆ ಮೈಯೊಳಗೆ ಉರಿಸಲು ಹೆಚ್ಚೇನೂ ಇರುವುದಿಲ್ಲ. ಬೆಚ್ಚನೆಯ ಜಾಗ ಮತ್ತು ಗಿಣ್ಣುಹಾಲು, ಎರಡೂ ಆಗಲೇ ಸಿಗಬೇಕು. ತಾಯಿ ಹಂದಿಯ ಹಾಲಿನಲ್ಲಿ ಕೊಬ್ಬು ಸುಮಾರು ಶೇ 6ರಿಂದ 8, ಹಸುವಿನ ಹಾಲಿಗಿಂತ ಹೆಚ್ಚುಕಡಿಮೆ ಎರಡರಷ್ಟು. ಹಾಲಿನಿಂದ ಸಿಗುವ ಶಕ್ತಿಯಲ್ಲಿ ಅರ್ಧಕ್ಕೂ ಮೀರಿ ಈ ಕೊಬ್ಬಿನದೇ.

ತಪ್ಪು ಕಲ್ಪನೆ: ಹಾಗಾದರೆ ಹಾಲು ಬಿಡಿಸಿದ ಮರಿಗೆ ಯಾವ ಎಣ್ಣೆ ಸುರಿದರೂ ತೂಕ ಬರುತ್ತದೆ.

ಸತ್ಯ: ಊಟಿ, ವಯನಾಡಿಗೆ ಹೋಗುವವರು ಊಟಕ್ಕೆ ನಿಲ್ಲುವ ಗುಂಡ್ಲುಪೇಟೆಯಲ್ಲಿ ಹೋಟೆಲ್ ಮುಸುರೆಗೂ ಕರಿದುಳಿದ ಎಣ್ಣೆಗೂ ಬರವಿಲ್ಲ. ಅಪಾಯವೂ ಅಲ್ಲೇ ಇದೆ. ಹಾಲಿನ ಕೊಬ್ಬು ಸಣ್ಣ ಸಣ್ಣ ಹನಿಗಳಾಗಿರುವುದರಿಂದ ಸಲೀಸಾಗಿ ಅರಗುತ್ತದೆ. ಹಾಲು ಬಿಡಿಸಿದ ಮೊದಲ ಎರಡು ವಾರ ಮರಿಯ ಕರುಳು ಸೊರಗಿರುತ್ತದೆ. ಹೊರಗಿನ ಎಣ್ಣೆ ಪೂರ್ತಿ ಅರಗದೆ ಭೇದಿ ಹಿಡಿಯಬಹುದು. ಆಮೇಲೆ ಅರಗಿಸುವ ಶಕ್ತಿ ಕೂಡುತ್ತಾ ಬರುತ್ತದೆ. ಆಗ 100 ಕೆ.ಜಿ. ಆಹಾರಕ್ಕೆ 2–3 ಕೆ.ಜಿ. ಒಳ್ಳೆಯ ಸೂರ್ಯಕಾಂತಿ ಅಥವಾ ಕೊಬ್ಬರಿ ಎಣ್ಣೆ ಸಾಕು. ಪ್ರಾಣಿಗಳ ಗಟ್ಟಿ ಕೊಬ್ಬಿಗಿಂತ ಇವು ಎಳೆಯ ಹೊಟ್ಟೆಗೆ ಹಗುರ.

ಪದೇ ಪದೇ ಕಾಯಿಸಿದ ಎಣ್ಣೆ ಮಾತ್ರ ಬೇಡವೇ ಬೇಡ. ಎರಡು ತೊಟ್ಟು ಅಂಗೈಗೆ ಹಾಕಿ ಉಜ್ಜಿ ಮೂಸಿ ನೋಡಿ: ಕಮಟು ಬಂತೇ, ಬೆರಳು ಅಂಟಿತೇ, ಚೆಲ್ಲಿಬಿಡಿ. ಅಕ್ಕಿ ತೌಡಿಗೂ ಇದೇ ಪರೀಕ್ಷೆ. ಅದರಲ್ಲಿರುವ ಎಣ್ಣೆ ಕೆಲವೇ ದಿನಗಳಲ್ಲಿ ಕೆಡುತ್ತದೆ. ಮುಸುರೆಯನ್ನು ಚೆನ್ನಾಗಿ ಕುದಿಸಲೇಬೇಕು, ಆಫ್ರಿಕನ್ ಹಂದಿ ಜ್ವರದ ವೈರಾಣು ಅದರಲ್ಲಿ ಬರಬಹುದು. ಕುದಿಸಿದರೆ ರೋಗಾಣು ಸಾಯುತ್ತದೆ, ಕೆಟ್ಟ ಎಣ್ಣೆ ಒಳ್ಳೆಯದಾಗುವುದಿಲ್ಲ.

ತಪ್ಪು ಕಲ್ಪನೆ: ಎಣ್ಣೆ ಹಾಕಿದರೆ ಹಿಂಡಿ ಉಳಿಯುತ್ತದೆ.

ಸತ್ಯ: ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಮುಸುಕಿನ ಜೋಳದ ಪಿಷ್ಟದಲ್ಲಿ 4. ಶಕ್ತಿ ಹೆಚ್ಚಿದಷ್ಟೂ ಮರಿ ತಿನ್ನುವುದು ಕಡಿಮೆ. ಆದ್ದರಿಂದ ತಿಂದಷ್ಟರಲ್ಲೇ ಪ್ರೋಟೀನು ಹೆಚ್ಚಿರಬೇಕು. ಪ್ರೋಟೀನು ಕೊಡುವ ಹಿಂಡಿಯನ್ನೇ ಕಡಿಮೆ ಮಾಡಿದರೆ ಮಾಂಸ ಕೂಡುವುದಿಲ್ಲ, ಕೊಬ್ಬಷ್ಟೇ ಕೂಡುತ್ತದೆ.

ಎಣ್ಣೆಗೆ ಖರ್ಚು ಮಾಡುವುದಿದ್ದರೆ ಮೊದಲು ತಾಯಿ ಹಂದಿಗೆ ಮಾಡಿ. ಈಯುವ ಮುಂಚಿನ ಒಂದು ವಾರದಿಂದ ಹಾಲೂಡುವಷ್ಟು ದಿನವೂ ಅದರ ಆಹಾರಕ್ಕೆ ಹದವಾಗಿ ಒಳ್ಳೆಯ ಎಣ್ಣೆ ಬೆರೆಸಿದರೆ ಹಾಲಿನ ಕೊಬ್ಬು ಏರುತ್ತದೆ, ಬಡಕಲು ಮರಿಗಳಿಗೂ ಅದು ತಲುಪುತ್ತದೆ.