ಅಂಗೈ ದಾಟುವ ಮ್ಯುವಾನ್

ಯಾದಗಿರಿ, ಶಹಾಪುರ, ಸುರಪುರ ಮೂರೂ ಊರುಗಳಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಕಲಿಸಿದವಳು ನಾನು. ಸಾಪೇಕ್ಷತೆಯ ಪಾಠವನ್ನು ರಾಕೆಟ್ಟಿನಿಂದ ಶುರು ಮಾಡುವುದಿಲ್ಲ. "ಅಂಗೈ ಚಾಚ್ರಿ" ಅನ್ನುತ್ತೇನೆ. ಹೆಚ್ಚುಕಡಿಮೆ ಸೆಕೆಂಡಿಗೊಂದು ಮ್ಯುವಾನ್ ಆ ಅಂಗೈಯನ್ನು ತೂರಿಕೊಂಡು ಹೋಗುತ್ತಿರುತ್ತದೆ. ಭೀಮಾ ದಂಡೆಯಲ್ಲಿ ನಿಂತರೂ ಅಷ್ಟೇ, ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಮುಂದೆ ನಿಂತರೂ ಅಷ್ಟೇ.

ವಿಶ್ವಕಿರಣಗಳು ಗಾಳಿಗೆ ಬಡಿದಾಗ ಸುಮಾರು 15 ಕಿ.ಮೀ. ಎತ್ತರದಲ್ಲಿ ಹುಟ್ಟುವ ಕಣ ಇದು. ಸರಾಸರಿ ಆಯಸ್ಸು 2.2 ಮೈಕ್ರೊಸೆಕೆಂಡ್. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟರಲ್ಲಿ 660 ಮೀಟರ್ ದಾಟೀತು. ಆದರೂ ನೆಲ ಮುಟ್ಟುತ್ತದೆ. ಐನ್‌ಸ್ಟೀನ್ 1905ರಲ್ಲಿ ಹೇಳಿದ್ದು ಇದನ್ನೇ: ಓಡುವ ಗಡಿಯಾರ ನಮ್ಮ ಲೆಕ್ಕದಲ್ಲಿ ನಿಧಾನ. ಮ್ಯುವಾನ್ ತನ್ನ ಪಾಲಿನ ಆಯಸ್ಸನ್ನಷ್ಟೇ ಬದುಕುತ್ತದೆ. ಆ ಆಯಸ್ಸು ನಮ್ಮ ಗಡಿಯಾರದಲ್ಲಿ ಹತ್ತಾರು ಪಟ್ಟು ಹಿಗ್ಗಿರುತ್ತದೆ. ನಂಜನಗೂಡಿನ ಕಡೆಯ ವಿಜ್ಞಾನಿ ಬಿ.ವಿ. ಶ್ರೀಕಂಠನ್ 1950ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಿಳಿದು, ಬಂಡೆಯ ಆಳದಲ್ಲೂ ಈ ಮ್ಯುವಾನ್‌ಗಳನ್ನು ಎಣಿಸಿದರು. ನಮ್ಮ ನಾಡಿನ ಈ ಕೆಲಸ ಪಠ್ಯಪುಸ್ತಕದಲ್ಲಿ ಇರಲೇಬೇಕಿತ್ತು.

ಅವಳಿಗಳ ಕತೆ ಬರುವುದು ಆಮೇಲೆ. ಸುರಪುರದ ಅವಳಿ ಸೋದರಿಯರಲ್ಲಿ ಒಬ್ಬಳು ರಾಕೆಟ್ ಹತ್ತಿ, ಬೆಳಕಿನ ವೇಗದ ಶೇಕಡಾ 80ರಷ್ಟು ವೇಗದಲ್ಲಿ 4 ಜ್ಯೋತಿರ್ವರ್ಷ ದೂರ ಹೋಗಿ ಮರಳುತ್ತಾಳೆ ಅನ್ನಿ. ಮನೆಯಲ್ಲಿದ್ದವಳಿಗೆ 10 ವರ್ಷ ಕಳೆದಿರುತ್ತದೆ, ಹೋಗಿಬಂದವಳಿಗೆ 6 ವರ್ಷ.

ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಮೇಡಂ, ರಾಕೆಟ್‌ನಾಗ ಕುಂತಾಕಿಗಿ ಭೂಮಿನೇ ಓಡಿದಂಗ ಕಾಣ್ತದಲ್ರಿ. ಮತ್ತ ಆಕಿಗೇ ಯಾಕ ವಯಸ್ಸು ಕಮ್ಮಿ?"

ಇದಕ್ಕಿಂತ ಒಳ್ಳೆಯ ಪ್ರಶ್ನೆ ಈ ಪಾಠದಲ್ಲಿಲ್ಲ. ಒಂದೇ ವೇಗ, ಒಂದೇ ದಿಕ್ಕು ಇರುವತನಕ ರಾಕೆಟ್‌ನವಳ ಮಾತೂ ಖರೆ. ತನ್ನ 3 ವರ್ಷ ಮುಗಿದಾಗ ಸುರಪುರದಲ್ಲಿ ಕಳೆದದ್ದು ಬರೀ 1.8 ವರ್ಷ ಎಂಬುದು ಆಕೆಯ ಲೆಕ್ಕ. ಆದರೆ ಆಕೆ ತಿರುಗಿದಳು. ದೂರದ ಊರಿನಲ್ಲಿ "ಈಗ" ಎಷ್ಟು ಹೊತ್ತು ಅನ್ನುವುದು ನಮ್ಮ ಚಲನೆಗೆ ತಕ್ಕಂತೆ ಬದಲಾಗುತ್ತದೆ. ತಿರುಗಿದ ಕೂಡಲೇ ಅದೇ ಲೆಕ್ಕ 8.2 ವರ್ಷಕ್ಕೆ ಬಂದು ನಿಲ್ಲುತ್ತದೆ. ಮರಳುವ ಹಾದಿಯಲ್ಲಿ ಇನ್ನೊಂದು 1.8. ಒಟ್ಟು 10. ಮನೆಯಲ್ಲಿದ್ದವಳು ಎಲ್ಲಿಯೂ ತಿರುಗಲಿಲ್ಲ, ಆಕೆಯ ಲೆಕ್ಕ ಎಲ್ಲಿಯೂ ಜಿಗಿಯಲಿಲ್ಲ.

ಹೋಗಿ ಮರಳುವ ಈ ಪಯಣವನ್ನೂ ಮ್ಯುವಾನ್ ಮಾಡಿ ತೋರಿಸಿದೆ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದವರು ಅದನ್ನು ಉಂಗುರದಂಥ ಯಂತ್ರದಲ್ಲಿ ಸುತ್ತಿಸಿ, ಹೊರಟಲ್ಲಿಗೇ ಮತ್ತೆಮತ್ತೆ ಬರುವಂತೆ ಮಾಡಿದರು. 1977ರಲ್ಲಿ ಪ್ರಕಟವಾದ ಅಳತೆಯಲ್ಲಿ ಅದರ ಆಯಸ್ಸು ಸುಮಾರು 64 ಮೈಕ್ರೊಸೆಕೆಂಡ್, ಅಂದರೆ ನಿಂತ ಮ್ಯುವಾನ್‌ಗಿಂತ 29 ಪಟ್ಟು.