ಯಾತನಾ ಶಿಬಿರದಿಂದ ಮರಳಿದ ತಾಯಿ-ಮಗಳು

ಸುರಪುರ, ಶಹಾಪುರದ ಕಡೆ ‘ಕ್ಯಾಂಪು’ ಎಂದರೆ ಯಾರೂ ಬೆಚ್ಚುವುದಿಲ್ಲ. ನಾರಾಯಣಪುರದ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಭತ್ತದ ಗದ್ದೆಗಳ ನಡುವೆ ಕಟ್ಟಿಕೊಂಡ ಊರುಗಳಿಗೆ ಇಲ್ಲಿ ಆ ಹೆಸರು. ಹಿರಿಯರಿಗಾದರೆ 1947-48ರ ರಜಾಕಾರರ ಹಾವಳಿಯಲ್ಲಿ ನಿಜಾಮನ ಗಡಿಯಾಚೆ ಹೋರಾಟಗಾರರು ನಡೆಸಿದ ಶಿಬಿರಗಳು ನೆನಪಾಗುತ್ತವೆ. ಜನ ಆಗ ಜೀವ ಉಳಿಸಿಕೊಳ್ಳಲು ಆ ಗಡಿ ದಾಟುತ್ತಿದ್ದರು. ಅದೇ ದಶಕದಲ್ಲಿ ಯುರೋಪಿನ ಯೆಹೂದಿಗಳಿಗೆ ಈ ಪದದ ಅರ್ಥವೇ ಬೇರೆ ಇತ್ತು. ಅಲ್ಲಿ ಕ್ಯಾಂಪೆಂದರೆ ಹೋದವರು ತಿರುಗಿ ಬಾರದ ಜಾಗ.

ತಿರುಗಿ ಬಂದ ಕೆಲವರಲ್ಲಿ ಒಬ್ಬ ತಾಯಿ, ಒಬ್ಬ ಮಗಳು ಇದ್ದರು. ತಾಯಿ ಫ್ರಿಟ್ಜಿ ಗೈರಿಂಗರ್, ಮಗಳು ಈವಾ.

ಈವಾ ಹುಟ್ಟಿದ್ದು ವಿಯೆನ್ನಾದಲ್ಲಿ, 1929ರ ಮೇ 11ರಂದು. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದಾಗ ತಂದೆ ಎರಿಖ್, ಅಣ್ಣ ಹೈಂಜ್ ಸೇರಿ ನಾಲ್ವರೂ ಊರು ಬಿಟ್ಟರು. ಬೆಲ್ಜಿಯಂ ಸುತ್ತಿ 1940ರಲ್ಲಿ ಆಮ್‌ಸ್ಟರ್‌ಡ್ಯಾಮ್ ಸೇರಿದರು. ಅವರ ಮನೆಯ ಎದುರಿಗೇ ಈವಾಳಿಗಿಂತ ಒಂದು ತಿಂಗಳು ಚಿಕ್ಕವಳಾದ ಹುಡುಗಿಯೊಬ್ಬಳಿದ್ದಳು. ಹೆಸರು ಆನ್ ಫ್ರಾಂಕ್. ಮುಂದೆ ಡೈರಿಯಿಂದ ಜಗತ್ತಿಗೆಲ್ಲ ಪರಿಚಯವಾದವಳು ಇವಳೇ.

1942ರಲ್ಲಿ ಹೈಂಜ್‌ನನ್ನು ದುಡಿಮೆಗೆ ಕಳಿಸುವ ಆದೇಶ ಬಂತು. ಒಟ್ಟಿಗಿದ್ದರೆ ಒಟ್ಟಿಗೇ ಸಿಕ್ಕಿಬೀಳುವ ಭಯ. ತಾಯಿ-ಮಗಳು ಒಂದು ಕಡೆ, ತಂದೆ-ಮಗ ಇನ್ನೊಂದು ಕಡೆ ಅಡಗಿದರು. ಯಾರೋ ಸುಳಿವು ಕೊಟ್ಟರು. ಈವಾಳ ಬಂಧನವಾದದ್ದು 1944ರ ಮೇ 11, ಅವಳಿಗೆ ಹದಿನೈದು ತುಂಬಿದ ದಿನವೇ.

ಅದೇ ತಿಂಗಳು ರೈಲು ಅವರನ್ನು ಪೋಲೆಂಡಿನ ಆಶ್ವಿಟ್ಜ್-ಬಿರ್ಕೆನೌಗೆ ತಂದಿಳಿಸಿತು. ಅಲ್ಲಿನ ಕ್ರಮವನ್ನು ವಿವರಿಸಲೇಬೇಕು. ಇಳಿದವರನ್ನು ಸಾಲಾಗಿ ನಿಲ್ಲಿಸಿ, ಒಬ್ಬ ಅಧಿಕಾರಿ ಕಣ್ಣಳತೆಯಲ್ಲೇ ಎರಡು ಭಾಗ ಮಾಡುತ್ತಿದ್ದ. ದುಡಿಯಬಲ್ಲವರು ಒಂದು ಕಡೆ. ಮಕ್ಕಳು, ಮುದುಕರು, ಕೈಗೂಸಿನ ತಾಯಂದಿರು ಇನ್ನೊಂದು ಕಡೆ, ನೇರ ವಿಷಾನಿಲದ ಕೋಣೆಗೆ. ಹೀಗಾಗಿ ತಾಯಿ-ಮಗಳು ಜೊತೆಯಾಗಿ ಉಳಿಯುವುದೇ ಅಪರೂಪ. ಫ್ರಿಟ್ಜಿ ಇಳಿಯುವ ಮುನ್ನ ತನ್ನ ಉದ್ದನೆಯ ಕೋಟು, ಅಗಲ ಅಂಚಿನ ಹ್ಯಾಟು ಮಗಳಿಗೆ ತೊಡಿಸಿದಳು. ಅವುಗಳಲ್ಲಿ ಹುಡುಗಿ ವಯಸ್ಸಿಗಿಂತ ದೊಡ್ಡವಳಂತೆ ಕಂಡಳು. ಬದುಕಿದಳು.

ತಲೆ ಬೋಳಿಸಿದರು, ತೋಳಿನ ಮೇಲೆ ಸಂಖ್ಯೆ ಹಚ್ಚೆ ಹಾಕಿದರು. ಈವಾಳಿಗೆ ಸಿಕ್ಕ ಕೆಲಸ, ಬಂದವರಿಂದ ಕಿತ್ತುಕೊಂಡ ಬಟ್ಟೆಬರೆ, ಸಾಮಾನು ವಿಂಗಡಿಸುವುದು. ಆ ಉಗ್ರಾಣಕ್ಕೆ ಕೈದಿಗಳಿಟ್ಟ ಹೆಸರು ‘ಕೆನಡಾ’. ಅವರ ಕಲ್ಪನೆಯಲ್ಲಿ ಕೆನಡಾ ಎಂದರೆ ಸಿರಿವಂತರ ನಾಡು!

ಒಂದು ದಿನ ಫ್ರಿಟ್ಜಿಯನ್ನು ಸಾವಿನ ಸಾಲಿಗೆ ಆರಿಸಿದರು. ತಾಯಿ ಸತ್ತಳೆಂದೇ ಮಗಳು ತಿಂಗಳುಗಟ್ಟಲೆ ನಂಬಿದ್ದಳು. ಆದರೆ ಶಿಬಿರದ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಸಂಬಂಧಿ ಮಿನ್ನಿ, ಕುಖ್ಯಾತ ವೈದ್ಯ ಮೆಂಗಲೆಯನ್ನೇ ಬೇಡಿಕೊಂಡು ಅವಳನ್ನು ಉಳಿಸಿದ್ದಳು. ಅದೇ ಆಸ್ಪತ್ರೆಯಲ್ಲಿ ಇಬ್ಬರೂ ಮತ್ತೆ ಒಂದಾದರು. 1945ರ ಜನವರಿ 27ರಂದು ರಷ್ಯನ್ ಸೇನೆ ಬಂದಾಗ ಇಬ್ಬರೂ ಜೀವಂತವಾಗಿದ್ದರು. ಅಲ್ಲಿ ಸತ್ತವರು ಸುಮಾರು 11 ಲಕ್ಷ. ಹಾಲೆಂಡಿನಿಂದ ಸಾಗಿಸಿದ ಸುಮಾರು 1,07,000 ಯೆಹೂದಿಗಳಲ್ಲಿ ಮರಳಿದವರು ಐದು ಸಾವಿರದಷ್ಟು ಮಾತ್ರ. ಎರಿಖ್, ಹೈಂಜ್ ಮರಳಲಿಲ್ಲ. ಇಬ್ಬರೂ ಯುದ್ಧದ ಕೊನೆಯ ದಿನಗಳಲ್ಲಿ ಆಸ್ಟ್ರಿಯಾದ ಮೌತ್‌ಹೌಸನ್ ಶಿಬಿರದಲ್ಲಿ ತೀರಿಕೊಂಡಿದ್ದರು.

ಹೆಂಡತಿ, ಇಬ್ಬರು ಹೆಣ್ಣುಮಕ್ಕಳನ್ನು ಕಳೆದುಕೊಂಡಿದ್ದ ಆನ್‌ಳ ತಂದೆ ಆಟೊ ಫ್ರಾಂಕ್‌ರನ್ನು ಫ್ರಿಟ್ಜಿ 1953ರಲ್ಲಿ ಮದುವೆಯಾದರು. ಹಾಗಾಗಿ ಈವಾ ‘ಆನ್ ಫ್ರಾಂಕ್‌ಳ ಮಲಸಹೋದರಿ’ ಎಂದೇ ಪ್ರಸಿದ್ಧಳಾದಳು. ಆನ್ ಸತ್ತು ಎಂಟು ವರ್ಷಗಳಾದ ಮೇಲೆ ಹುಟ್ಟಿದ ನಂಟು ಅದು. ಈವಾಳ ಸ್ವಂತ ಕಥೆಗೆ ಅದರಿಂದ ಸ್ವಲ್ಪ ಅನ್ಯಾಯವೇ ಆಯಿತೆನ್ನಬೇಕು. ನಲವತ್ತು ವರ್ಷ ಆಕೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. 1986ರಲ್ಲಿ ಲಂಡನ್ನಿನ ಒಂದು ಪ್ರದರ್ಶನದಲ್ಲಿ ನಾಲ್ಕು ಮಾತು ಆಡಬೇಕಾಗಿ ಬಂದಾಗಲೇ ಅದೆಲ್ಲ ಹೊರಬಂದದ್ದು. 1988ರಲ್ಲಿ ಪುಸ್ತಕವಾಯಿತು.

ಅಡಗುದಾಣದಲ್ಲಿ ಹೈಂಜ್ ಚಿತ್ರ ಬರೆಯುವುದನ್ನು ರೂಢಿಸಿಕೊಂಡಿದ್ದ. ಅವುಗಳನ್ನು ನೆಲಹಾಸಿನ ಹಲಗೆಯಡಿ ಬಚ್ಚಿಟ್ಟಿರುವುದಾಗಿ ಆಶ್ವಿಟ್ಜ್‌ನ ರೈಲಿನಲ್ಲೇ ತಂಗಿಗೆ ಹೇಳಿದ್ದ. ಯುದ್ಧ ಮುಗಿದ ಮೇಲೆ ತಾಯಿ-ಮಗಳು ಆ ಮನೆ ಹುಡುಕಿಕೊಂಡು ಹೋಗಿ ಹಲಗೆ ಎತ್ತಿಸಿದರು. ಚಿತ್ರಗಳು ಹಾಗೆಯೇ ಇದ್ದವು. ಈಗ ಅವು ಆಮ್‌ಸ್ಟರ್‌ಡ್ಯಾಮ್‌ನ ಪ್ರತಿರೋಧ ವಸ್ತುಸಂಗ್ರಹಾಲಯಕ್ಕೆ ಸೇರಿವೆ.